ಹೆಸರು ಹೇಳದ ಗುಮಾಸ್ತ

ಕ್ಷಿಪಣಿ ಕಾರ್ಖಾನೆಯ ದಿನಗೂಲಿ ಗುಮಾಸ್ತ ಚನ್ನವೀರ ಕಾಯಂ ಆಗಲು ಭದ್ರತಾ ತನಿಖೆಯೊಂದೇ ಬಾಕಿ ಇತ್ತು. ಮಾದಕ ವಸ್ತು ಸೇವಿಸಿದ್ದೀರಾ ಎಂಬ ಅರ್ಜಿಯ ಪ್ರಶ್ನೆಗೆ ‘ಹೌದು, ಕಾಲೇಜಿನಲ್ಲಿದ್ದಾಗ ಒಮ್ಮೆ ಗಾಂಜಾ ಸೇದಿದ್ದೆ’ ಎಂದು ನಿಜವನ್ನೇ ಬರೆದಿದ್ದ.

“ಗಾಂಜಾ ಸೇದಿದವನ ಬಾಯಲ್ಲಿ ದೇಶದ ಗುಟ್ಟು ನಿಲ್ಲುತ್ತೇನಯ್ಯಾ?” ತನಿಖಾಧಿಕಾರಿ ಗುಡುಗಿದರು. “ಜೊತೆಗೆ ಸೇದಿದವರು ಯಾರು? ಹೇಳು!”

“ಹನ್ನೊಂದು ವರ್ಷದಿಂದ ಆ ಹೆಸರನ್ನ ಹೆಂಡತಿಗೂ ಹೇಳಿಲ್ಲ ಸಾರ್. ಈಗ ನೀವು ಗದರಿಸಿದ ಕೂಡಲೇ ಹೇಳಿಬಿಟ್ರೆ, ನಾಳೆ ಶತ್ರು ಗದರಿಸಿದಾಗ ಕ್ಷಿಪಣಿ ಗುಟ್ಟನ್ನೂ ಹೇಳ್ತೀನಿ ಅಂತಾಗಲ್ವಾ?”

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಡತದ ಮೇಲೆ ‘ಅನರ್ಹ’ ಎಂದು ಬರೆದರು. “ಒಳ್ಳೆ ಮಾತಾಡಿದೆ. ಆದ್ರೆ ಹೌದು ಅಂತ ಬರೆದವನಿಗೆ ಇಲ್ಲಿ ಕೆಲಸ ಕೊಡೋ ಹಾಗಿಲ್ಲಯ್ಯಾ. ಪಾಸು ಗೇಟಲ್ಲಿ ಕೊಟ್ಟು ಹೋಗು.”

ಚನ್ನವೀರ ಕಾಲೆಳೆದುಕೊಂಡು ಗೇಟಿಗೆ ಬಂದ. ಅದೇ ಪ್ರಶ್ನೆಗೆ ‘ಇಲ್ಲ’ ಎಂದು ಬರೆದು ಕಾಯಂ ಆಗಿದ್ದ ಕಾವಲುಗಾರ ಲಕ್ಕಣ್ಣ, ಚನ್ನವೀರನ ಕಾಲೇಜಿನ ಗೆಳೆಯ, ಪಿಸುಗುಟ್ಟಿದ: “ನನ್ನ ಹೆಸರು ಬಂತೇನೋ?”

“ಇಲ್ಲ ಕಣೋ,” ಎಂದು ಚನ್ನವೀರ ಕೊರಳಿನ ಪಾಸು ಕಳಚಿ ಅವನ ಕೈಗಿಟ್ಟ.