ಗದಿಗೆಪ್ಪ ಬುವಾ ಕೂಸನ್ನು ಮಲಗಿಸಿದ್ದು

ಭೀಮಾ ನದಿಯ ದಡದ ಮರಡಿನಾಳದಲ್ಲಿ ಪೂಜ್ಯ ಗುರುಸಿದ್ಧವ್ವ ತಾಯಿಯವರು ನಲವತ್ತು ವರ್ಷ ಬಾಳಿದರು. ಜನ ಅದನ್ನು ಮಠ ಎನ್ನುತ್ತಿದ್ದರೇ ಹೊರತು ಅಲ್ಲಿ ಗದ್ದುಗೆ ಇರಲಿಲ್ಲ, ಶಿಖರ ಇರಲಿಲ್ಲ. ಎರಡು ಅಂಕಣದ ಮಣ್ಣಿನ ಮನೆ, ಅದರ ಮುಂದೆ ತಗಡಿನ ಚಪ್ಪರ, ಚಪ್ಪರದ ಮೂಲೆಯಲ್ಲಿ ಒಲೆ. ತಾಯಿಯವರು ದಿನವಿಡೀ ಅಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದರು. ಊರವರು ತಂದುಕೊಟ್ಟ ಹಳೆಯ ಸೀರೆ, ಹರಿದ ಧೋತರ, ಕುಬಸದ ತುಂಡುಗಳೆಲ್ಲ ಅವರ ಕೈಯಲ್ಲಿ ಒಂದಾಗಿ, ಚಳಿ ಬೀಳುವಷ್ಟರಲ್ಲಿ ಹೊದೆಯಲು ಇಲ್ಲದವರ ಮನೆ ಸೇರುತ್ತಿದ್ದವು. ಪ್ರವಚನ ಹೇಳುವ ರೂಢಿ ಅವರಿಗಿರಲಿಲ್ಲ. ಬಂದವರಿಗೆ ರೊಟ್ಟಿ ಬಡಿಸುತ್ತಿದ್ದರು, ಉಂಡವರಿಗೆ ಏನಾದರೊಂದು ಕೆಲಸ ಹಚ್ಚುತ್ತಿದ್ದರು. ಅಷ್ಟರಲ್ಲೇ ಭಾರ ಇಳಿಸಿಕೊಂಡು ಹೋದವರು ಆ ಸೀಮೆಯಲ್ಲಿ ಅನೇಕರಿದ್ದಾರೆ. ಸಂಗೀತಗಾರ ಗದಿಗೆಪ್ಪ ಮುಳ್ಳೂರ ಅವರು ಅಂಥವರಲ್ಲಿ ಒಬ್ಬರು.

ಗದಿಗೆಪ್ಪನವರ ತಂದೆ ನಾಟಕ ಕಂಪನಿಯೊಂದರಲ್ಲಿ ಕಾಲುಪೆಟ್ಟಿಗೆ ನುಡಿಸುತ್ತಿದ್ದರು. ಕಂಪನಿ ಊರಿಂದೂರಿಗೆ ಅಲೆಯುವಾಗ ಮಗನೂ ಪರದೆಗಳ ಗಂಟಿನ ಮೇಲೆ ಮಲಗಿ ಅಲೆದ. ಒಂಬತ್ತನೆಯ ವಯಸ್ಸಿಗೆ ಮಿರಜಿನ ಗುರುಗಳ ಮನೆ ಸೇರಿ ಹನ್ನೊಂದು ವರ್ಷ ನೀರು ಹೊತ್ತು, ಬಟ್ಟೆ ಒಗೆದು, ಹಾಡು ಕಲಿತ. ಮುಂದೆ ಪುಣೆ, ನಾಗಪುರ, ಕಲಕತ್ತೆ, ಎಲ್ಲಿ ದೊಡ್ಡ ಮೈಫಿಲು ನಡೆದರೂ ಅಲ್ಲಿ ಗದಿಗೆಪ್ಪ ಬುವಾ ಇರಲೇಬೇಕು ಎನ್ನುವಂತಾಯಿತು. ಬುವಾ ಎಂದರೆ ಹಿರಿಯ ಗಾಯಕರಿಗೆ ಸಲ್ಲುವ ಗೌರವದ ಕರೆ. ಅವರ ಹಾಡಿಕೆಯಲ್ಲಿ ಜನ ಕಾಯುತ್ತಿದ್ದುದು ಒಂದು ಗಳಿಗೆಗೆ. ರಾಗ ಏರುತ್ತ ಏರುತ್ತ ಮೇಲಿನ ಷಡ್ಜವನ್ನು ಮುಟ್ಟುವುದು, ಮುಟ್ಟಿ ಅಲ್ಲೇ ನಿಲ್ಲುವುದು. ಆ ಸ್ವರ ನಿಂತಿತೆಂದರೆ ಸಭೆಯೇ ಎದ್ದು ನಿಲ್ಲುತ್ತಿತ್ತು. ಮೂವತ್ತು ವರ್ಷ ಅವರು ಆ ಎದ್ದು ನಿಂತ ಸಭೆಗಳನ್ನು ನೋಡುತ್ತಲೇ ಬದುಕಿದ್ದರು.

ಐವತ್ತೆಂಟನೆಯ ವಯಸ್ಸಿನಲ್ಲಿ ಪುಣೆಯ ಒಂದು ಸಭೆಯಲ್ಲಿ ಆ ಷಡ್ಜ ಒಡೆಯಿತು. ಹಸಿ ಬಿದಿರು ಸೀಳಿದಂಥ ಸದ್ದು. ಮುಂದಿನ ಸಾಲಿನವರು ತಲೆ ತಗ್ಗಿಸಿದರು. ಮರುದಿನದ ಪತ್ರಿಕೆ ಅದರ ಬಗ್ಗೆ ಒಂದೇ ಸಾಲು ಬರೆದಿತ್ತು. ಆ ಸಾಲು ಅವರಿಗೆ ಬಾಯಿಪಾಠವಾಗಿಹೋಯಿತು.

ಅಲ್ಲಿಂದ ಅವರ ಕಾಲು ಒಂದೆಡೆ ನಿಲ್ಲಲಿಲ್ಲ. ಮುಂಬಯಿಯ ವೈದ್ಯರು ಗಂಟಲನ್ನು ಪರೀಕ್ಷಿಸಿ, ರೋಗವೇನೂ ಇಲ್ಲ, ವಯಸ್ಸಷ್ಟೇ ಎಂದರು. ಬುವಾ ನಂಬಲಿಲ್ಲ. ಮೊಸರು ಬಿಟ್ಟರು, ಜ್ಯೇಷ್ಠಮಧು ಅಗಿದರು, ತಂಬೂರಿ ಬದಲಿಸಿದರು, ಒಂದೇ ವರ್ಷದಲ್ಲಿ ಮೂರು ಮಂದಿ ಪೇಟಿ ನುಡಿಸುವವರನ್ನು ಬದಲಿಸಿದರು. ಊಟದ ನಡುವೆ ಎದ್ದು ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಆ ಒಂದು ಸ್ವರವನ್ನು ಮುಟ್ಟಿ ನೋಡುವರು. ಒಮ್ಮೆ ಬಂದರೆ ಮತ್ತೆ ಬರುವುದೋ ಎಂದು ನೋಡುವರು, ಬರದಿದ್ದರೆ ತಾಟಿನ ಅನ್ನ ಆರಿಹೋಗುವುದು. ಹೆಂಡತಿ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳ ಮನೆಗಳಿದ್ದರೂ ಯಾವ ಮನೆಯಲ್ಲಿಯೂ ಎರಡು ದಿನ ನಿಲ್ಲಲಾರರು. ಏಳು ಕಾರ್ಯಕ್ರಮಗಳನ್ನು ಬೇಡವೆಂದರು. ಸೊಲ್ಲಾಪುರದವರು ಹಳೆಯ ಅಭಿಮಾನಿಗಳು, ಅವರಿಗೆ ಮಾತ್ರ ಬೇಡವೆನ್ನಲಾಗಲಿಲ್ಲ. ಅಲ್ಲಿ ಆ ಷಡ್ಜ ಬಾರದಿದ್ದರೆ ಇನ್ನು ಹಾಡುವುದಿಲ್ಲ ಎಂದು ನಿಶ್ಚಯಿಸಿದ್ದರು. ಅದನ್ನು ತಿಳಿದವರು ಒಬ್ಬರೇ, ಇಪ್ಪತ್ತೆರಡು ವರ್ಷ ಅವರಿಗೆ ತಬಲಾ ಸಾಥ್ ಕೊಟ್ಟಿದ್ದ ಹುಸೇನಸಾಬ ಬಾಗವಾನ.

ಮಾಘ ಮಾಸದ ಆ ಮುಂಜಾನೆ ಇಬ್ಬರೂ ಬಾಡಿಗೆಯ ಕಾರಿನಲ್ಲಿ ಸೊಲ್ಲಾಪುರಕ್ಕೆ ಹೊರಟಿದ್ದರು. ಕಾರ್ಯಕ್ರಮ ಸಂಜೆ ಆರೂವರೆಗೆ. ಮರಡಿನಾಳದ ತಿರುವು ಬಂದಾಗ ಹುಸೇನಸಾಬರು ಚಾಲಕನಿಗೆ ನಿಲ್ಲಿಸಲು ಹೇಳಿದರು.

"ಹತ್ತ ನಿಮಿಷ, ಬುವಾ. ಯವ್ವನ ಕಾಲಿಗೆ ಬಿದ್ದು ಹೋಗೋಣು."

"ನನ್ನ ದನೀನೂ ನಿಮ್ಮ ಯವ್ವ ಹೊಲದು ಕೊಡತಾರೇನು, ಹುಸೇನಸಾಬ?"

"ನಾ ಹಂಗೆಲ್ಲಿ ಅಂದೆ? ನನ್ನ ಹರಕಿ ಐತಿ. ನೀವು ಗಾಡ್ಯಾಗ ಕೂಡ್ರಿ ಬೇಕಾದ್ರ."

ಗಾಡಿಯಲ್ಲಿ ಕೂಡುವುದು ಗದಿಗೆಪ್ಪನವರಿಂದ ಆಗುವ ಕೆಲಸವಾಗಿರಲಿಲ್ಲ. ಅವರೂ ಇಳಿದರು.

ಚಪ್ಪರ ಕಾಣುವ ಮೊದಲೇ ಅವರಿಗೆ ಕೇಳಿದ್ದು ಕೂಸಿನ ಅಳು. ಐದು ತಿಂಗಳ ಹೆಣ್ಣುಕೂಸು. ಅದರ ತಾಯಿ ಕಬ್ಬು ಕಡಿಯಲು ಬಂದವಳು, ಜ್ವರ ಬಂದು ಎಂಟು ದಿನಗಳ ಹಿಂದೆ ತೀರಿಕೊಂಡಿದ್ದಳು. ತಂದೆ ಕೂಸನ್ನು ತಾಯಿಯವರ ಮಡಿಲಿಗೆ ಹಾಕಿ, ಅದರ ಅಜ್ಜಿಯನ್ನು ಕರೆತರಲು ದೂರದ ತನ್ನ ಊರಿಗೆ ಹೋಗಿದ್ದ. ಎಂಟು ದಿನದಿಂದ ಅದು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಹಾಲು ಕುಡಿಯುವುದು, ಕಣ್ಣು ಮುಚ್ಚುವುದು, ಬೆಚ್ಚಿ ಎಚ್ಚರಾಗಿ ಮತ್ತೆ ಅಳುವುದು. ಅಡುಗೆಯ ಹೆಣ್ಣುಮಕ್ಕಳು ಸರದಿಯ ಮೇಲೆ ಎತ್ತಿಕೊಂಡು ಸೋತಿದ್ದರು.

ಹುಸೇನಸಾಬರು ತಾಯಿಯವರ ಪಾದಕ್ಕೆರಗಿ ಒಂದು ಬದಿಗೆ ಕುಳಿತರು. ಗದಿಗೆಪ್ಪನವರು ಕೈಮುಗಿದದ್ದೂ ನಿಂತೇ. ತಾಯಿಯವರು ಸೂಜಿಯಿಂದ ಕಣ್ಣೆತ್ತಿ ಅವರನ್ನು ನೋಡಿದರು.

"ಕೂಡಪಾ."

"ಇಲ್ರಿ ಯವ್ವಾ, ಹೊಂಟೀವಿ. ಸೊಲ್ಲಾಪುರ ಮುಟ್ಟಬೇಕು."

"ಏನ ಕೆಲಸ ಮಾಡ್ತಿ?"

ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿ ಬಹಳ ವರ್ಷಗಳಾಗಿದ್ದವು. ಹುಸೇನಸಾಬರು ಏನೋ ಹೇಳಲು ಬಾಯಿ ತೆರೆದರು. ಬುವಾ ತಾವೇ, "ಹಾಡತೀನ್ರಿ" ಎಂದರು.

"ಚಲೋ ಆತು. ಹಂಗಾದ್ರ ಈ ಕೂಸಿನ್ನ ಮಲಗಸು" ಎಂದು ತಾಯಿಯವರು ಮತ್ತೆ ಸೂಜಿ ಹಿಡಿದರು.

ಒಲೆಯ ಮುಂದಿನ ಹೆಣ್ಣುಮಗಳು ಬಂದು ಕೂಸನ್ನು ಅವರ ಕೈಗಿತ್ತೇಬಿಟ್ಟಳು. ಜರತಾರಿ ಶಾಲುಗಳನ್ನು ಹೊತ್ತು ರೂಢಿಯಾಗಿದ್ದ ತೋಳುಗಳಿಗೆ ಆ ಹಿಡಿಯಷ್ಟು ಜೀವವನ್ನು ಎಲ್ಲಿ ಹಿಡಿಯಬೇಕೋ ತಿಳಿಯಲಿಲ್ಲ. ಸಿಟ್ಟು ಬಂದಿತು, ನಾಚಿಕೆಯೂ ಆಯಿತು. ಬೇಗ ಮುಗಿಸಿ ಹೋದರಾಯಿತು ಎಂದು, ಹೊತ್ತಿಗೆ ತಕ್ಕ ತೋಡಿ ರಾಗ ಎತ್ತಿಕೊಂಡು ಸಭೆಯಲ್ಲಿ ಹಾಡುವ ಗತ್ತಿನಲ್ಲೇ ಹಾಡಿದರು. ಕೂಸು ಒಂದು ಕ್ಷಣ ಬೆರಗಾಗಿ ಸುಮ್ಮನಾಯಿತು. ಮರುಕ್ಷಣ ಮೊದಲಿನದಕ್ಕಿಂತ ಎರಡುಪಟ್ಟು ಜೋರಾಗಿ ಅತ್ತಿತು. ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದರು. ಹುಸೇನಸಾಬರು ನೆಲ ನೋಡುತ್ತ ಕುಳಿತರು.

"ಇದು ನನ್ನ ಕೈಲೆ ಆಗೂದಲ್ರಿ" ಎಂದು ಬುವಾ ಕೂಸನ್ನು ಮರಳಿ ಚಾಚಿದರು.

ತಾಯಿಯವರು ತಲೆ ಎತ್ತಲಿಲ್ಲ. "ಹೊತಗೊಂಡು ಅಡ್ಡಾಡು" ಎಂದರು.

ಆ ಮಾತನ್ನು ಮೀರಿ ಕೂಸನ್ನು ನೆಲಕ್ಕಿಟ್ಟು ಹೋಗಲು ಅವರಿಂದ ಏಕೆ ಆಗಲಿಲ್ಲವೋ, ಮುಂದೆ ಎಷ್ಟೋ ಸಲ ಅವರೇ ಹೇಳಿಕೊಂಡರು, ತಮಗೆ ತಿಳಿಯದು ಎಂದು. ಕೂಸನ್ನು ಹೆಗಲಿಗೆ ಹಾಕಿಕೊಂಡು ಬೇವಿನ ಮರದಿಂದ ನದಿಯ ಇಳಿಜಾರಿನವರೆಗೆ, ಅಲ್ಲಿಂದ ಮತ್ತೆ ಬೇವಿನ ಮರದವರೆಗೆ ನಡೆದರು. ಒಂದು ಸುತ್ತು, ಹತ್ತು ಸುತ್ತು. ಕೂಸು ಅಳುತ್ತಲೇ ಇತ್ತು. ಹೇಗೂ ಒಂದು ವರ್ಷದಿಂದ ಅವರು ನಡೆಯುತ್ತಲೇ ಇದ್ದರು, ಕೋಣೆಯಲ್ಲಿ, ರೇಲ್ವೆ ನಿಲ್ದಾಣಗಳಲ್ಲಿ, ವೈದ್ಯರ ಪಡಸಾಲೆಗಳಲ್ಲಿ. ಈಗ ಹೆಗಲ ಮೇಲೊಂದು ಅಳು ಇತ್ತು, ಅಷ್ಟೇ. ಬಿಸಿಲು ಏರಿತು. ಚಾಲಕ ಒಮ್ಮೆ ಹಾರ್ನ್ ಒತ್ತಿದ. ಅವರು ಒಂದು ರಾಗ ಬಿಟ್ಟು ಇನ್ನೊಂದು ಹಿಡಿದರು, ಅದನ್ನೂ ಬಿಟ್ಟರು. ಸಂಜೆಗೆಂದು ಜೋಪಾನ ಮಾಡಿದ್ದ ಗಂಟಲು ಒಣಗುತ್ತಿದೆ ಎಂಬ ಭಯ ಒಮ್ಮೆ ಹೊಡೆಯಿತು. ಆಮೇಲೆ ಭಯಪಡುವಷ್ಟು ತ್ರಾಣವೂ ಉಳಿಯಲಿಲ್ಲ. ದನಿ ತಾನಾಗಿಯೇ ಕೆಳಗಿಳಿಯಿತು.

ಆಗ ಅವರೊಳಗಿನ ಸಂಗೀತಗಾರನಿಗೆ ಒಂದು ಸಂಗತಿ ಗೊತ್ತಾಯಿತು. ಸ್ವರ ಮೇಲೇರಿದರೆ ಕೂಸು ಸೆಟೆಯುತ್ತದೆ, ಕೆಳಗಿಳಿದರೆ ಅಳುವಿನ ಬಿರುಸು ಕುಗ್ಗುತ್ತದೆ. ಅದರ ಕಿವಿ ಅವರ ಕೊರಳಿಗೆ ಒತ್ತಿತ್ತು. ಅವರು ಇನ್ನೂ ಇಳಿದರು. ಕೆಳಗಿನ ಪಂಚಮ, ಅದರ ಕೆಳಗೆ ಗಾಂಧಾರ, ಕೊನೆಗೆ ತೀರ ಕೆಳಗಿನ ಷಡ್ಜ. ಬಡ ಬಂಧುಗಳ ಊರನ್ನು ಬಸ್ಸಿನಲ್ಲಿ ಕುಳಿತೇ ದಾಟುವವರ ಹಾಗೆ, ಮೂವತ್ತು ವರ್ಷ ಅವರು ಈ ಸ್ವರಗಳನ್ನು ಅವಸರದಲ್ಲಿ ದಾಟಿ ಮೇಲಕ್ಕೆ ಹೋಗಿದ್ದರು. ಈಗ ಅಲ್ಲಿಯೇ ನಿಂತರು. ಮಾತಿಲ್ಲ, ತಾನವಿಲ್ಲ, ಬರಿಯ ಗುನುಗು. ಕೂಸು ಬಿಕ್ಕಿತು, ಮತ್ತೊಮ್ಮೆ ಬಿಕ್ಕಿತು. ಅದರ ಸಣ್ಣ ಮುಷ್ಟಿ ಅವರ ಅಂಗಿಯ ಕೊರಳಪಟ್ಟಿಯನ್ನು ಹಿಡಿಯಿತು. ಸ್ವಲ್ಪ ಹೊತ್ತಿಗೆ ಹೆಗಲ ಮೇಲಿನ ಭಾರ ಹೆಚ್ಚಾದಂತೆನಿಸಿತು. ನಿದ್ದೆ ಹೋದ ಮಕ್ಕಳು ಭಾರವಾಗುತ್ತವೆ ಎಂಬುದು ಕೂಡ ಅವರಿಗೆ ಹೊಸ ಮಾತಾಗಿತ್ತು. ಹಿರಿಯ ಮಗಳು ಹುಟ್ಟಿದಾಗ ಅವರು ಕಲಕತ್ತೆಯಲ್ಲಿದ್ದರು, ತಂತಿಯಲ್ಲಿ ಸುದ್ದಿ ತಿಳಿದಿತ್ತು. ಕಿರಿಯಳು ಹುಟ್ಟಿದಾಗ ಎಲ್ಲಿದ್ದರೋ ನೆನಪಾಗಲಿಲ್ಲ. ನೆನಪಾಗಲಿಲ್ಲವಲ್ಲ ಎಂದು ಬೇವಿನ ಮರದ ಕೆಳಗೆ ನಿಂತುಬಿಟ್ಟರು.

ಚಾಲಕ ಬಂದು, "ಬುವಾ, ಒಂದ ಹೊಡೀತ್ರಿ. ಮಧ್ಯಾಹ್ನದಾಗ ಮುಟ್ಟಿ ಗಂಟಲಿಗೆ ಆವಿ ತಗೋಬೇಕು ಅಂದಿದ್ರಿ" ಎಂದ.

"ಸಣ್ಣಕ ಮಾತಾಡೋ, ಎದ್ದೀತು" ಎಂದರು ಬುವಾ.

ಇಳಿಸಿದರೆ ಎಚ್ಚರಾಗುತ್ತದೆಂದು ಕೂಸನ್ನು ಎದೆಗವಚಿಕೊಂಡೇ ಮರದ ಬೊಡ್ಡೆಗೆ ಒರಗಿ ಕುಳಿತರು. ಅಲ್ಲಾಡದೆ ಕುಳಿತರು. ಹುಸೇನಸಾಬರು ಇಪ್ಪತ್ತೆರಡು ವರ್ಷಗಳಲ್ಲಿ ಅವರು ಹಾಗೆ ಕುಳಿತದ್ದನ್ನು ನೋಡಿರಲಿಲ್ಲ. ಮೂರು ಗಂಟೆ ದಾಟಿದ ಮೇಲೆ ಕೂಸು ತಾನೇ ಕಣ್ಣು ಬಿಟ್ಟು, ಅಳದೆ, ಅವರ ಮುಖವನ್ನು ನೋಡಿತು.

ತಾಯಿಯವರು ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಮೊಸರನ್ನೂ ಬಡಿಸಿದರು. ಗದಿಗೆಪ್ಪನವರು ಮರುಮಾತಿಲ್ಲದೆ ಉಂಡರು. ಕೈ ತೊಳೆದು ಬಂದು, ಈ ಸಲ ನೆಲದ ಮೇಲೆ ಕುಳಿತು, ಬಂದಾಗ ಕೇಳದ ಮಾತನ್ನು ಕೇಳಿದರು.

"ಯವ್ವಾ, ನನ್ನ ಮ್ಯಾಲಿನ ಸ್ವರ ಒಡದೈತ್ರಿ. ಅದು ತಿರುಗಿ ಬರತೈತೇನ್ರಿ?"

ತಾಯಿಯವರು ದಾರವನ್ನು ಹಲ್ಲಿನಿಂದ ಕಡಿದರು. "ಬಂದ್ರ ಬಂದೀತು, ಇಲ್ಲಂದ್ರ ಇಲ್ಲ. ಇಷ್ಟ ವರ್ಷ ಮಂದಿ ಎದ್ದು ನಿಂದರಲಿ ಅಂತ ಹಾಡಿದಿ. ಇವತ್ತ ಒಂದ ಜೀವ ಮಲಗಲಿ ಅಂತ ಹಾಡಿದಿ. ಯಾವುದರಾಗ ನಿನಗ ದಣಿವು ಆರಿತು, ನೀನ ನೋಡಕೋ."

ಬುವಾ ಆ ಪಾದಗಳ ಮೇಲೆ ಹಣೆಯಿಟ್ಟು ಎದ್ದರು.

ಸೊಲ್ಲಾಪುರ ಮುಟ್ಟುವಾಗ ಸಭೆ ತುಂಬಿತ್ತು. ಆವಿಯಿಲ್ಲ, ರಿಯಾಜಿಲ್ಲ, ಅಂಗಿ ಬದಲಿಸಲೂ ಹೊತ್ತಿಲ್ಲ. ತಂಬೂರಿ ಕೂಡಿಸಿ ಪೂರಿಯಾ ರಾಗ ಹಿಡಿದರು. ಅರ್ಧ ಗಂಟೆ ಕಳೆದರೂ ಕೆಳಗಿನ ಸ್ವರಗಳನ್ನು ಬಿಟ್ಟು ಮೇಲೆ ಬರಲಿಲ್ಲ. ಕೇಳುಗರು ಮೊದಲು ಪರಸ್ಪರ ಮುಖ ನೋಡಿಕೊಂಡರು, ಅಲ್ಲಲ್ಲಿ ಕೆಮ್ಮು ಕೇಳಿಸಿತು. ಆಮೇಲೆ ಕೆಮ್ಮೂ ನಿಂತಿತು. ಕಡೆಗೆ ರಾಗ ತಾನೇ ಏರಿತು, ಏರಿ ಮೇಲಿನ ಷಡ್ಜವನ್ನು ಮುಟ್ಟಿತು, ಮುಟ್ಟಿದಲ್ಲೇ ಒಡೆಯಿತು.

ಹುಸೇನಸಾಬರ ಕೈ ತಬಲಾದ ಮೇಲೆ ನಿಧಾನವಾಯಿತು. ಈಗ ಎದ್ದು ಹೋಗುತ್ತಾರೆ ಎಂದು ಬುವಾರ ಮುಖ ನೋಡಿದರು. ಬುವಾ ಎಡವಿದವರು ಸಾವರಿಸಿಕೊಂಡು ದಾರಿ ಹಿಡಿಯುವಂತೆ ಆ ಒಡಕಿನಿಂದಲೇ ಕೆಳಗಿಳಿದು, ಗಾಂಧಾರದ ಮೇಲೆ ನಿಂತು, ಹುಸೇನಸಾಬರತ್ತ ತಿರುಗಿ ಠೇಕಾ ಮುಂದುವರಿಯಲಿ ಎಂದು ತಲೆಯಾಡಿಸಿದರು. ಮತ್ತೆ ಒಂದು ಗಂಟೆ ಹಾಡಿದರು. ಎರಡನೆಯ ಸಾಲಿನಲ್ಲಿ ಹಿರಿಯರೊಬ್ಬರು ಗೋಡೆಗೊರಗಿ ನಿದ್ದೆ ಹೋಗಿದ್ದರು. ಪಕ್ಕದವರು ಮುಜುಗರದಿಂದ ಅವರನ್ನು ತಟ್ಟಿ ಎಬ್ಬಿಸಲು ಹೋದಾಗ ಬುವಾ ಹಾಡುತ್ತಲೇ ಕೈಸನ್ನೆಯಿಂದ ತಡೆದರು. ಅಂದು ಯಾರೂ ಎದ್ದು ನಿಲ್ಲಲಿಲ್ಲ. ಹಾಡು ಮುಗಿದ ಮೇಲೂ ಬಹಳ ಹೊತ್ತು ಯಾರೂ ಏಳಲಿಲ್ಲ.

ಮರುದಿನ ಮುಂಜಾನೆ ಕಾರು ಮತ್ತೆ ಮರಡಿನಾಳಕ್ಕೆ ತಿರುಗಿತು. ಈ ಸಲ ತಿರುಗಿಸಲು ಹೇಳಿದವರು ಬುವಾ. ಚಪ್ಪರದಡಿ ಕಾಲಿಡುತ್ತಲೇ, ಸ್ವರದ ಮಾತಾಗಲಿ ಸಭೆಯ ಮಾತಾಗಲಿ ಎತ್ತದೆ, "ಕೂಸು ರಾತ್ರಿ ಮಲಗಿತೇನ್ರಿ ಯವ್ವಾ?" ಎಂದು ಕೇಳಿದರು.

"ಇಲ್ಲಪಾ" ಎಂದರು ತಾಯಿಯವರು. "ಕೈಕಾಲ ತೊಳಕೊಂಡು ಬಾ."

ಅಜ್ಜಿ ಬರುವವರೆಗೆ ಒಂಬತ್ತು ದಿನ ಬುವಾ ಆ ಮಠದಲ್ಲಿ ಉಳಿದರು. ಹತ್ತನೆಯ ದಿನ ಹುಬ್ಬಳ್ಳಿಯ ಹಿರಿಯ ಮಗಳ ಮನೆಗೆ ಬಂದರು. ಮುಂದೆ ಹನ್ನೆರಡು ವರ್ಷ ಹಾಡಿದರು, ಮರಡಿನಾಳಕ್ಕೆ ವರ್ಷಕ್ಕೊಮ್ಮೆ ಹೋಗಿ ಬರುವುದನ್ನು ತಪ್ಪಿಸಲಿಲ್ಲ, ಶಿಷ್ಯರಿಗೆ ಮೊದಲ ಎರಡು ವರ್ಷ ಕೆಳಗಿನ ಸ್ವರಗಳನ್ನೇ ಕಲಿಸಿದರು. ಅವೆಲ್ಲ ಆಮೇಲಿನ ಮಾತು. ಆ ದಿನ ಬಾಗಿಲಲ್ಲಿ ಅವರನ್ನು ಕಂಡ ಮಗಳು ನೀರಿನ ತಂಬಿಗೆ ತಂದು ಕೊಟ್ಟು, ವರ್ಷಗಳ ರೂಢಿಯಂತೆ ಕೇಳಿದಳು.

"ಮುಂದ ಎಲ್ಲಿಗೆ ಹೊಂಟೀರಿ ಅಪ್ಪಾ? ಗಾಡಿ ಎಷ್ಟಕ್ಕ?"

"ಎಲ್ಲಿಗೂ ಇಲ್ಲವ್ವಾ" ಎಂದು ಅವರು ಕಾಲು ತೊಳೆದುಕೊಂಡು ಒಳಗೆ ಹೋದರು.