ಮೀನಿನ ನಡುತುಂಡು

"ಅಮ್ಮಾ, ದೇವರು ಮನೆಮನೆಯಲ್ಲೂ ಇದ್ದಾನೆ ಎಂದು ನಾಳೆ ಊರಿಗೆ ಹೇಳಬೇಕಾದವನು ನಾನು. ನನ್ನ ಮನೆಯಲ್ಲೇ ಅವನು ಇದ್ದ ಹಾಗೆ ಅನ್ನಿಸುವುದಿಲ್ಲ. ಇವತ್ತೂ ಜಪ ಹೇಳಿದೆ, ಹೆಂಡತಿ ಬಡಿಸಿದಳು, ಉಂಡು ಕೈ ತೊಳೆದು ನೇರ ಇಲ್ಲಿಗೇ ಬಂದೆ. ನಮ್ಮ ಊಟಕ್ಕೆ ಅವನು ಯಾಕೆ ಬರುವುದಿಲ್ಲ?"

ಹೀಗೆ ಕೇಳಿದವನು ರಾಯಪ್ಪ. ಚರ್ಚಿನ ಉಪದೇಶಿ ಮದಲೇನಮ್ಮನ ಹತ್ತಿರ ಧರ್ಮೋಪದೇಶ ಕಲಿಯುತ್ತಿದ್ದ. ಮದಲೇನಮ್ಮ ಎಲೆಅಡಿಕೆ ಬದಿಗಿಟ್ಟು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ನಡುಮನೆಯಲ್ಲಿ ಊಟದ ಮೇಜು ಹಾಕಿಸಿ, ಅದರ ಮೇಲುಗಡೆ ಗೋಡೆಗೆ ಒಂದು ಹಲಗೆ ತೂಗುಹಾಕಿಸಿದ್ದ. ಈ ಮನೆಯ ಪ್ರತಿ ಊಟಕ್ಕೂ ಯೇಸುಸ್ವಾಮಿಯೇ ಅತಿಥಿ ಎಂದು ಅದರಲ್ಲಿ ಬಣ್ಣದ ಅಕ್ಷರ ಬರೆಸಿದ್ದ. ಬಂದವರಿಗೆ ಮೊದಲು ಹಲಗೆ ತೋರಿಸುತ್ತಿದ್ದ, ಆಮೇಲೆ ಕುರ್ಚಿ.

ವ್ಯಾಪಾರಿಯೂ ಮಗನೂ ಜಪ ಹೇಳಿ ಮೇಜಿನಲ್ಲಿ ಉಣ್ಣುತ್ತಿದ್ದರು. ಅವರು ಎದ್ದ ಮೇಲೆ ಅತ್ತೆ ಉಣ್ಣುತ್ತಿದ್ದಳು. ಅತ್ತೆ ಮಲಗಿದ ಮೇಲೆ ಸೊಸೆ ಮಗುವನ್ನು ಮಲಗಿಸಿ ಅಡುಗೆಮನೆಯ ನೆಲದಲ್ಲಿ ಕೂತು ಪಾತ್ರೆಯ ತಳ ಕೆರೆದುಕೊಳ್ಳುತ್ತಿದ್ದಳು. ಆ ಊಟಕ್ಕೆ ಜಪ ಹೇಳುವವರಿಲ್ಲ. ಅದು ಊಟವೆಂದು ಯಾರೂ ತಿಳಿದಿರಲಿಲ್ಲ.

ಸೊಸೆ ಒಣಗಿದಳು. ತವರಿನವರು ಉಣ್ಣಿಸದೆ ಬೆಳೆಸಿದ್ದಾರೆ ಎಂದು ಅತ್ತೆ ಬಂದವರ ಮುಂದೆಲ್ಲ ಆಡಿಕೊಂಡಳು.

ಆಮೇಲೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತು, ಮಾಂಸ ಬಿಟ್ಟು ಮೀನು ಉಣ್ಣುವ ಕಾಲ. ಊರೆಲ್ಲ ಉಪವಾಸ ಮಾಡಿ ಸೊರಗುತ್ತಿರುವಾಗ ಸೊಸೆಯ ಕೆನ್ನೆ ತುಂಬಿತು. ಸಾಲದ್ದಕ್ಕೆ, ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಅಡುಗೆಮನೆಯಿಂದ ಮಾತು ಕೇಳಿಸತೊಡಗಿತು. ನಡುನಡುವೆ ನಗು.

ಪಕ್ಕದ ಮನೆಯಾಕೆ ಭಕ್ತೆ. ಜಪಸರ ಎಣಿಸುತ್ತಲೇ ಗೋಡೆಗೆ ಕಿವಿ ಕೊಟ್ಟಳು. ಕೇಳಿದ್ದು ಹೆಣ್ಣಿನ ದನಿ ಮಾತ್ರ. ಆದರೆ ಒಬ್ಬಳೇ ನಗುವವಳು ಎಲ್ಲಿದ್ದಾಳೆ? ಚರ್ಚಿನ ಮೆಟ್ಟಿಲಲ್ಲಿ ಆ ಸುದ್ದಿಗೆ ಒಂದು ಗಂಡಸಿನ ಕೆಮ್ಮು ಸೇರಿತು. ನಲ್ಲಿಯ ಹತ್ತಿರ ಬರುವಷ್ಟರಲ್ಲಿ ಆ ಗಂಡಸಿಗೆ ಮೀಸೆ ಬಂದಿತ್ತು. ಸಂತೆ ಮುಟ್ಟುವಾಗ ಅವನು ಬೈಕಿನಲ್ಲಿ ಬಂದು ಹೋಗುತ್ತಿದ್ದ.

ವ್ಯಾಪಾರಿಯ ಕಿವಿಗೂ ಬಿತ್ತು. ಅವನು ಚರ್ಚಿನ ಹಿರಿಯನನ್ನು ಕರೆಸಿದ. ಒಳಗೆ ಯಾರಾದರೂ ಸಿಕ್ಕಿದರೆ ಅವತ್ತೇ ಸೊಸೆ ತವರಿಗೆ, ಮಗು ಇಲ್ಲೇ ಎಂದು ತೀರ್ಮಾನವಾಯಿತು. ಅಪ್ಪನೆದುರು ಮಗನಿಗೆ ಬಾಯಿ ಇದ್ದದ್ದು ಊಟಕ್ಕೆ ಮಾತ್ರ.

ಮರುದಿನ ಎಲ್ಲರೂ ಉಂಡು, ಮಲಗಿದಂತೆ ಮಾಡಿ, ಅಡುಗೆಮನೆಯ ಬಾಗಿಲ ಹಿಂದೆ ನಿಂತರು. ಪಕ್ಕದ ಮನೆಯಾಕೆಗೂ ಸರಿಯಾಗಿ ಅದೇ ಹೊತ್ತಿಗೆ ಹೆಪ್ಪಿಗೆ ಮಜ್ಜಿಗೆ ಬೇಕಾಯಿತು. ಒಳಗಿನಿಂದ ಸೊಸೆಯ ಮಾತು ಕೇಳಿಸಿತು. ಇವತ್ತು ಉಪ್ಪು ಒಂಚೂರು ಮುಂದಾಗಿದೆ ಎಂದಳು. ಮಗುವಿಗೆ ಮೇಲಿನ ಹಲ್ಲು ಬಂತು ಎಂದಳು. ನಡುತುಂಡು ನಿನಗೇ ಇಟ್ಟಿದ್ದೀನಿ, ಸಂಕೋಚ ಮಾಡಬೇಡ ಎಂದಳು.

ವ್ಯಾಪಾರಿ ಬಾಗಿಲು ದೂಡಿದ.

ಸೊಸೆ ನೆಲದಲ್ಲಿ ಕೂತಿದ್ದಳು. ಎದುರಿಗೆ ಒಂದು ಮಣೆ. ಮಣೆಯ ಮುಂದೆ ಒಂದು ತಟ್ಟೆ, ಒಂದು ಲೋಟ ನೀರು. ತಟ್ಟೆಯಲ್ಲಿ ಮುದ್ದೆ, ಮೀನಿನ ನಡುತುಂಡು. ಮಣೆಯ ಮೇಲೆ ಯಾರೂ ಇಲ್ಲ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹಿರಿಯ ಅಟ್ಟದ ಮೇಲೆ ಹುಡುಕಿದ. ಪಕ್ಕದ ಮನೆಯಾಕೆ ನೀರಿನ ಹಂಡೆಯ ಮುಚ್ಚಳವನ್ನೂ ಎತ್ತಿ ನೋಡಿದಳು.

"ಯಾರೇ ಅವನು?" ಎಂದ ವ್ಯಾಪಾರಿ.

ಸೊಸೆ ಏಳಲಿಲ್ಲ. ಕೂತಲ್ಲಿಂದಲೇ ಹೇಳಿದಳು:

"ನೀವೇ ಕರೆದವರು, ಮಾವ. ಹಲಗೆ ಹಾಕಿ ಕರೆದಿರಿ, ತಟ್ಟೆ ಇಡೋದು ಮರೆತಿರಿ. ಪ್ರತಿ ಊಟಕ್ಕೂ ಅಂತ ಬರೆಸಿದ್ದೀರಿ. ನಿಮ್ಮ ಊಟ ಆದ ಮೇಲೆ ಈ ಮನೇಲಿ ಇನ್ನೂ ಒಂದು ಊಟ ಇದೆ. ಅದು ನಿಮಗೆ ಗೊತ್ತಿಲ್ಲ, ಅವನಿಗೆ ಗೊತ್ತು."

ಅತ್ತೆಯ ಕಣ್ಣು ತಟ್ಟೆಯ ಮೇಲಿತ್ತು. ನಡುತುಂಡು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದಳು.

"ಅತಿಥಿಗೆ ಮೊದಲು ತೆಗೆದಿಡಬೇಕಲ್ವಾ ಅತ್ತೆ? ಸಾರು ಇಳಿಸಿದ ಕೂಡಲೇ ತೆಗೆದಿಡ್ತೀನಿ. ಅವನು ದಿನಾ ಅದನ್ನ ನನ್ನ ಕಡೆಗೇ ತಳ್ತಾನೆ. ಬೇಡ ಅಂದ್ರೂ ಕೇಳೋಲ್ಲ."

ಹಾಗೆಂದು, ಅಷ್ಟು ಜನ ನೋಡುತ್ತಿರುವಾಗಲೇ, ಸೊಸೆ ಆ ತಟ್ಟೆಯಿಂದ ನಡುತುಂಡನ್ನು ಎತ್ತಿಕೊಂಡು ಮುಳ್ಳು ಬಿಡಿಸಿ ತಿಂದಳು. ನಿಧಾನವಾಗಿ ತಿಂದಳು. ಬೆರಳನ್ನೂ ಚೀಪಿದಳು.

ತೀರ್ಪು ಹೇಳಲು ಬಂದ ಹಿರಿಯ ತಲೆಯ ರುಮಾಲು ತೆಗೆದು ನೆಲದಲ್ಲಿ ಕೂತ, ಊಟದ ಜಪ ಹೇಳಿದ. ಆ ಅಡುಗೆಮನೆ ಜಪ ಕೇಳಿದ್ದು ಅದೇ ಮೊದಲು. ತವರಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಅತ್ತೆ ಮಾತ್ರ ನಿಂತೇ ಇದ್ದಳು. ಅವಳೂ ಆ ಮನೆಗೆ ಸೊಸೆಯಾಗಿಯೇ ಬಂದವಳು, ಅದೇ ಪಾತ್ರೆಯ ತಳ ಕೆರೆದವಳು. ಯಾರ ಜೊತೆಯೂ ಇಲ್ಲದೆ ಕೆರೆದಿದ್ದಳು. ಅವಳು ನಡುಮನೆಗೆ ಹೋಗಿ, ಕುರ್ಚಿ ಹತ್ತಿ, ಗಂಡ ಬೇಡ ಬೇಡ ಎನ್ನುತ್ತಿದ್ದರೂ ಹಲಗೆಯನ್ನು ಇಳಿಸಿದಳು. ತಂದು ಅಡುಗೆಮನೆಯಲ್ಲಿ ಸೌಟು ತೂಗುಹಾಕುವ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಒಂದು ತಟ್ಟೆ ತೆಗೆದುಕೊಂಡು ಸೊಸೆಯ ಪಕ್ಕ ಕೂತಳು. ಒಮ್ಮೆ ಉಂಡವಳು ಇನ್ನೊಮ್ಮೆ ಉಂಡಳು.

ಅವತ್ತಿನಿಂದ ಆ ಮನೆಯಲ್ಲಿ ಎಲ್ಲರಿಗೂ ಒಂದೇ ಪಂಕ್ತಿ, ಒಂದು ಮಣೆ ಹೆಚ್ಚಿಗೆ. ವ್ಯಾಪಾರಿ ಮಂಡಿನೋವು ಎಂದು ಗೊಣಗಿಕೊಂಡೇ ನೆಲಕ್ಕೆ ಕೂತ. ಅಷ್ಟು ವರ್ಷ ಜಪ ಹೇಳಿದವನ ಮನೆಯಲ್ಲಿ ಊಟದ ಹೊತ್ತಿಗೆ ನಗು ಕೇಳಿದ್ದು ಆಗಲೇ. ಪಕ್ಕದ ಮನೆಯಾಕೆಗೆ ಮಾತ್ರ ಇವತ್ತಿಗೂ ಬೇಸರ, ಬೈಕಿನವನು ಸಿಗಲಿಲ್ಲವೆಂದು.

ಇಷ್ಟು ಹೇಳಿ ಮದಲೇನಮ್ಮ ಎಲೆಗೆ ಸುಣ್ಣ ಹಚ್ಚಿದರು.

ರಾಯಪ್ಪನಿಗೆ ಕತೆ ಹಿಡಿಸಿತು. ತಾನೂ ಅಂಥದ್ದೊಂದು ಹಲಗೆ ಬರೆಸಿ ಅಡುಗೆಮನೆಗೆ ಹಾಕಿಸಲೇ ಎಂದು ಕೇಳಿದ.

"ಹಲಗೆ ಯಾಕಪ್ಪ? ನೀನು ಉಂಡು ಕೈ ತೊಳೆದು ಇತ್ತ ಬಂದೆ, ಅವನು ನಿನ್ನ ಹೆಂಡತಿಯ ಜೊತೆ ಈಗಷ್ಟೇ ಊಟಕ್ಕೆ ಕೂತಿರುತ್ತಾನೆ."