ಬರಿದೇ ಬಿಡಬೇಕಾದ ಬಟ್ಟೆ

"ಗುರುಗಳೇ, ಹೆಂಡತಿ ತೀರಿಕೊಂಡ ಮೇಲೆ ನಾನು ಒಂದು ಗಳಿಗೆಯೂ ಸುಮ್ಮನೆ ಕೂತವನಲ್ಲ. ಬೆಳಗ್ಗೆ ಮಠದ ಅಡುಗೆಮನೆ, ಸಂಜೆ ಭಜನೆ, ನಡುವೆ ಬಂದವರೊಡನೆ ಮಾತು. ಇಷ್ಟು ಜನರ ನಡುವೆ ಇದ್ದೂ ನನ್ನ ಸಂಕಟ ಒಬ್ಬರಿಗೂ ಕಾಣುವುದಿಲ್ಲವಲ್ಲ, ಯಾಕೆ?" ಎಂದು ಶಿಷ್ಯ ನಾಗಯ್ಯ ಕೇಳಿದ. ಕೇಳುವಾಗಲೂ ಅವನ ಕೈ ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಸೂತಿಯವಳಿದ್ದಳು. ಅಕ್ಕನ ಹೊರತು ಅವಳಿಗೆ ಯಾರೂ ಇರಲಿಲ್ಲ. ಆ ಅಕ್ಕನಿಗೆ ವಯಸ್ಸಾಗಿ ಮರೆವು ಹತ್ತಿತು. ಮೊದಮೊದಲು ಸಾರಿಗೆ ಉಪ್ಪು ಹಾಕಿದ್ದು ಮರೆತಳು, ಆಮೇಲೆ ಊರಿನ ಹೆಸರು ಮರೆತಳು, ಕೊನೆಗೆ ತನ್ನ ಹೆಸರೂ ಹೋಯಿತು. ಬಾಗಿಲು ತೆರೆದಿದ್ದರೆ ಸಾಕು, ಎದ್ದು ನಡೆದುಬಿಡುತ್ತಿದ್ದಳು. ತಂಗಿ ಜೀವ ಕೈಯಲ್ಲಿ ಹಿಡಿದುಕೊಂಡೇ ದಿನ ಕಳೆಯುತ್ತಿದ್ದಳು.

ಅವಳು ಮೊಬೈಲ್ ಅಂಗಡಿಗೆ ಹೋಗಿ ಒಂದು ಕ್ಯೂಆರ್ ಕೋಡ್ ಮಾಡಿಸಿದಳು. ಅದಕ್ಕೆ ಫೋನು ಹಿಡಿದವರಿಗೆ ಅಕ್ಕನ ಹೆಸರು, ತನ್ನ ನಂಬರು ಕಾಣಬೇಕು. ಕಾಗದ ಬಾಳುವುದಿಲ್ಲ, ಬಿಳಿ ಬಟ್ಟೆಯ ಮೇಲೆ ಕರಿ ದಾರದಲ್ಲಿ ಹೊಲಿದು ಅಕ್ಕನ ಸೆರಗಿಗೆ ಹಚ್ಚುತ್ತೇನೆ ಎಂದಳು. ಎಳೆ ಎಣಿಸಿ ಹೊಲಿಯುವವಳಿಗೆ ಆ ಚೌಕಗಳು ಯಾವ ಲೆಕ್ಕ?

"ಹೊಲೀರಿ ಅವ್ವಾ," ಅಂದ ಅಂಗಡಿಯವನು. "ಮೂರು ಮೂಲೆಯಲ್ಲಿರೋ ದೊಡ್ಡ ಚೌಕಗಳು ಕೆಡಬಾರದು ನೋಡ್ರಿ, ಫೋನು ಮೊದಲು ಹುಡುಕೋದು ಅವನ್ನೇ. ಒಳಗೆ ಒಂದೆರಡು ಎಳೆ ಕಿತ್ತುಬಂದರೂ ಓದಿಕೊಳ್ಳುತ್ತದೆ. ಆದರೆ ಸುತ್ತಲೂ ನಾಲ್ಕು ಸಣ್ಣ ಚೌಕದಷ್ಟು ಬಟ್ಟೆ ಬರಿದೇ ಬಿಡಬೇಕು."

ಹೊಲಿದಳು. ಫೋನು ಹಿಡಿದು ನೋಡಿದಳು, ನಂಬರು ಬಂತು. ಅಲ್ಲಿಗೇ ನಿಲ್ಲಿಸಬೇಕಿತ್ತು, ಪುಣ್ಯಾತ್ಗಿತ್ತಿ. ಬಟ್ಟೆ ಖಾಲಿ ಬಿಟ್ಟು ಗೊತ್ತಿಲ್ಲದ ಕೈ ಅದು. ನನ್ನ ಅಕ್ಕ ಬೋಳು ಬಟ್ಟೆ ಹಚ್ಚಿಕೊಂಡು ತಿರುಗಬೇಕೇ ಎನ್ನಿಸಿತು. ಅದೇ ಕರಿ ದಾರದಲ್ಲಿ ಕೋಡಿಗೆ ತಾಗಿದಂತೆ ಗೋಪುರ, ಆನೆ, ಬಳ್ಳಿ ತುಂಬಿದಳು. ಮತ್ತೆ ಫೋನು ಹಿಡಿದು ನೋಡಲಿಲ್ಲ.

ಒಂದು ದಿನ ಅಕ್ಕ ಯಾವುದೋ ಬಸ್ಸು ಹತ್ತಿ ಹೋಗಿಬಿಟ್ಟಳು. ತಂಗಿ ಊರೆಲ್ಲ ಅಲೆದಳು, ಪೊಲೀಸರಿಗೆ ಹೇಳಿದಳು, ಮನೆಗೆ ಬಂದು ಫೋನು ಮುಂದಿಟ್ಟುಕೊಂಡು ಕೂತಳು. ಯಾರಾದರೂ ಕೋಡು ನೋಡಿಯೇ ನೋಡುತ್ತಾರೆ ಎಂಬ ನಂಬಿಕೆ. ಊಟದ ಹೊತ್ತಿಗೆ ಎರಡು ತಟ್ಟೆ ಹಾಕಿ ಒಂದನ್ನು ಎತ್ತಿಡುತ್ತಿದ್ದಳು. ಫೋನು ಸುಮ್ಮನೇ ಇತ್ತು.

ದೂರದ ಊರಿನ ಬಸ್ ನಿಲ್ದಾಣದಲ್ಲಿ ಅಕ್ಕ ಕೂತಿದ್ದಳು. ಕಂಡವರು ಫೋನು ಹಿಡಿದರು. ಕೋಡು ಎಲ್ಲಿ ಮುಗಿಯಿತು, ಆನೆ ಎಲ್ಲಿ ಶುರುವಾಯಿತು ಎಂದು ಫೋನಿಗೆ ತಿಳಿಯಲಿಲ್ಲ. ಕಸೂತಿ ಚೆಂದವಿದೆ ಎಂದು ಹೊಗಳಿ, ತಮ್ಮ ಬಸ್ಸು ಬಂದೊಡನೆ ಹೋದರು. ಯಾರೋ ಚಹಾ ಕೊಡಿಸಿದರು. ಅಷ್ಟು ಜನರ ನಡುವೆ ಅವಳೊಬ್ಬಳೇ. ಮಾಡಲು ಏನೂ ಇಲ್ಲದೆ ಅವಳ ಬೆರಳುಗಳು ಸೆರಗಿನ ದಾರ ಕೀಳತೊಡಗಿದವು. ಬಳ್ಳಿ ಹೋಯಿತು, ಆನೆ ಹೋಯಿತು, ಗೋಪುರ ಹೋಯಿತು. ಕೋಡಿನದೂ ಒಂದೆರಡು ಎಳೆ ಕಿತ್ತುಬಂತು. ಸುತ್ತ ಬಿಳಿ ಬಟ್ಟೆ ಉಳಿಯಿತು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸು, ನೋಡೋಣವೆಂದು ಫೋನು ಹಿಡಿದಳು. ನಂಬರು ಕಂಡಿತು. ಅತ್ತ ತಂಗಿಯ ಮನೆಯಲ್ಲಿ ಫೋನು ಹೊಡೆದುಕೊಂಡಿತು.

ತಂಗಿ ಬಿದ್ದೆನೋ ಎದ್ದೆನೋ ಎಂದು ಓಡಿಬಂದು ಅಕ್ಕನ ಕಾಲ ಬಳಿ ಕೂತಳು. ಅಕ್ಕ ಅವಳನ್ನು ದಿಟ್ಟಿಸಿ, "ನೀ ಯಾರವ್ವಾ?" ಎಂದಳು. ಅಕ್ಕನ ಮಡಿಲಲ್ಲಿ ಕರಿ ದಾರದ ಸಿಕ್ಕು ಬಿದ್ದಿತ್ತು. ತಾನು ಅಕ್ಕರೆಯಿಂದ ತುಂಬಿದ್ದೇ ಅಕ್ಕನನ್ನು ಇಷ್ಟು ದಿನ ಮುಚ್ಚಿಟ್ಟಿತ್ತು ಎಂದು ತಿಳಿದು ತಂಗಿ ಅತ್ತಳು.

ಕತೆ ಮುಗಿಯಿತು. ನಾಗಯ್ಯ ಇನ್ನೂ ಅಕ್ಕಿ ಆರಿಸುತ್ತಲೇ ಇದ್ದ. ಗುರುಗಳು ಅವನ ಕೈಯಿಂದ ಮೊರ ತೆಗೆದು ಪಕ್ಕಕ್ಕಿಟ್ಟರು. ಅವನ ಕೈಗೆ ಮಾಡಲು ಏನೂ ಉಳಿಯಲಿಲ್ಲ.

"ಈಗ ಹೇಳಪ್ಪಾ, ನಿನ್ನ ಹೆಂಡತಿಯ ಹೆಸರೇನು?"